ಹಡಗು ನಿಂತ ಒಂದು ಹಗಲು: ಬಾಡಿಗೆಯ ಕಾರೋ, ಟ್ಯಾಕ್ಸಿಯೋ?



ಹುಲಕೋಟಿಯಂಥ ಎರೆಮಣ್ಣಿನ ಊರಿನಲ್ಲಿ ಕುಳಿತವನು ಹಡಗಿನ ವಿಷಯ ಬರೆಯುವುದನ್ನು ಕಂಡು ಕೆಲವರು ನಗಬಹುದು. ನಮ್ಮ ಕಡೆ ‘ಕ್ರೂಸರ್’ ಎಂದರೆ ಸವದತ್ತಿ ಯಲ್ಲಮ್ಮನ ಗುಡ್ಡಕ್ಕೋ ಬೀಗರ ಮದುವೆಗೋ ಹದಿನೈದು ಜನರನ್ನು ತುಂಬಿಕೊಂಡು ಹೊರಡುವ ಗಾಡಿಯೇ ಹೊರತು ನೀರಿನ ಮೇಲೆ ತೇಲುವಂಥದ್ದಲ್ಲ. ಆದರೂ ಕಡಲು ನಮಗೆ ತೀರ ಪರಕೀಯವೇನಲ್ಲ. 1880ರ ದಶಕದಲ್ಲಿ ಮಾರ್ಮಗೋವಾ ಬಂದರಿನಿಂದ ಘಟ್ಟವೇರಿ ಬಂದ ರೈಲುಮಾರ್ಗ ಈ ಸೀಮೆಯ ಹತ್ತಿಗೆ ಸಮುದ್ರದ ದಾರಿಯನ್ನು ತೆರೆಯಿತು. ವಾಸ್ಕೋಗೆ ಹೋಗುವ ಅಮರಾವತಿ ಎಕ್ಸ್‌ಪ್ರೆಸ್ ಈಗಲೂ ನಮ್ಮೂರಿನ ಹಳಿಗಳ ಮೇಲೆಯೇ ಹಾಯ್ದು ಹೋಗುತ್ತದೆ. ಅದೇ ಬಂದರಿಗೆ ಇಂದು ನಮ್ಮ ಹುಡುಗರು ಮುಂಬೈಯಿಂದ ಪ್ರವಾಸಿ ಹಡಗು ಹತ್ತಿ ಹೋಗುತ್ತಿದ್ದಾರೆ.

ಪುಣೆಯಲ್ಲಿ ನೌಕರಿ ಮಾಡುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಈಚೆಗೆ ದೂರವಾಣಿಯಲ್ಲಿ ಕೇಳಿದ: “ಸರ, ಅವ್ವ-ಅಪ್ಪನ್ನ ಕರ್ಕೊಂಡು ಹಡಗಿನ್ಯಾಗ ಹೊಂಟೀವ್ರಿ. ಗೋವಾದಾಗ ಒಂದ ದಿನ ನಿಲ್ತದಂತ. ನಾನ ಗಾಡಿ ಬಾಡಿಗಿ ಹಿಡದು ನಡಸ್ಕೊಂಡು ಹೋಗಲ್ಯೋ, ಟ್ಯಾಕ್ಸಿ ಮಾಡ್ಲ್ಯೋ?” ಫೋನಿನಲ್ಲಿ ಎರಡು ಮಾತು ಹೇಳಿ ಮುಗಿಸಿದೆ. ಆದರೆ ಇದೇ ಪ್ರಶ್ನೆಯನ್ನು ನಿಮ್ಮಲ್ಲಿ ಅನೇಕರು ಕೇಳಬಹುದಾದ ಕಾಲ ಬಂದಿರುವುದರಿಂದ ನನ್ನ ಅಭಿಪ್ರಾಯವನ್ನು ವಿಸ್ತಾರವಾಗಿ ಬರೆಯುತ್ತಿದ್ದೇನೆ.

ಸ್ವತಃ ನಡೆಸಿಕೊಂಡು ಹೋಗುವ ಕಾರಿನ ಪರವಾಗಿ ಹೇಳುವ ಮಾತುಗಳು ಸುಳ್ಳಲ್ಲ. ಬೇಕೆಂದಲ್ಲಿ ನಿಲ್ಲಿಸಬಹುದು. ಚಾಲಕನ ಮುಖ ನೋಡಿ ಅವಸರಪಡಬೇಕಿಲ್ಲ. ಗೋವೆಯಲ್ಲಿ ಇಂಥ ವಾಹನಗಳು ಬೇಕಾದಷ್ಟಿವೆ. ಕಪ್ಪು ಫಲಕದ ಮೇಲೆ ಹಳದಿ ಅಕ್ಷರಗಳಿದ್ದರೆ ಅದು ಪರವಾನಗಿ ಪಡೆದ ಬಾಡಿಗೆ ವಾಹನವೆಂದು ತಿಳಿಯಬೇಕು. ಬಿಳಿ ಫಲಕದ ಖಾಸಗಿ ಕಾರನ್ನು ಅಗ್ಗಕ್ಕೆ ಕೊಡುತ್ತೇವೆಂದು ಯಾರಾದರೂ ಬಂದರೆ ಅವರಿಗೆ ದೂರದಿಂದಲೇ ಕೈಮುಗಿಯುವುದು ಲೇಸು, ಏಕೆಂದರೆ ಅದು ಕಾನೂನಿಗೆ ವಿರುದ್ಧ. ನಾಲ್ಕು ದಿನ ಗೋವೆಯಲ್ಲಿ ಉಳಿಯುವವರು ಕಾರನ್ನು ಬಾಡಿಗೆಗೆ ಹಿಡಿದರೆ ನನ್ನ ಆಕ್ಷೇಪಣೆ ಇಲ್ಲ.

ಆದರೆ ಹಡಗಿನಿಂದ ಇಳಿದವನ ಸ್ಥಿತಿಯೇ ಬೇರೆ. ಮೇಷ್ಟರ ಚಟ, ಲೆಕ್ಕ ಮಾಡದೆ ಬಿಡುವುದಿಲ್ಲ. ಹಡಗು ಮುಂಜಾನೆ 8ಕ್ಕೆ ದಡ ಮುಟ್ಟಿತೆನ್ನಿ, ಸಂಜೆ 5ಕ್ಕೆ ಎಲ್ಲರೂ ಹತ್ತಿರಬೇಕೆನ್ನಿ. ಕಾಗದದ ಮೇಲೆ 9 ಗಂಟೆ. ಸಾಲಿನಲ್ಲಿ ನಿಂತು ಇಳಿದು, ಕಾವಲಿರುವ ಬಂದರಿನ ಗೇಟು ದಾಟಿ ಹೊರಬರುವುದಕ್ಕೆ ಒಂದು ಗಂಟೆ. ಮರಳುವಾಗ ಎಚ್ಚರಿಕೆಗೆಂದು ಇನ್ನೊಂದು ಗಂಟೆ. ಉಳಿದದ್ದು 7. ಬಾಡಿಗೆಯ ಕಾರಾದರೆ ಕಾಗದಪತ್ರ, ಠೇವಣಿ, ಗೀರುಗಳ ಪರಿಶೀಲನೆ, ಪೆಟ್ರೋಲು, ಇವೆಲ್ಲ ಮುಂಜಾನೆಗೊಮ್ಮೆ ಸಂಜೆಗೊಮ್ಮೆ ಸೇರಿ ಮತ್ತೊಂದೂವರೆ ಗಂಟೆಯನ್ನು ನುಂಗುತ್ತವೆ. ಐದೂವರೆ ಗಂಟೆಯಲ್ಲಿ ದಾರಿ ತಪ್ಪುವುದಕ್ಕೆ, ಕಾರು ನಿಲ್ಲಿಸಲು ಸ್ಥಳ ಹುಡುಕುವುದಕ್ಕೆ ಎಷ್ಟು ಹೋಯಿತೆಂಬುದನ್ನು ನೀವೇ ಕಳೆಯಿರಿ.

ಇದಕ್ಕಿಂತ ದೊಡ್ಡ ಮಾತೊಂದಿದೆ. ಹಡಗಿನವರೇ ಏರ್ಪಡಿಸಿದ ಪ್ರವಾಸಕ್ಕೆ ಹೋದವರು ತಡವಾದರೆ ಹಡಗು ಸಾಮಾನ್ಯವಾಗಿ ಕಾಯುತ್ತದೆ. ಸ್ವಂತವಾಗಿ ಹೋದವರಿಗಾಗಿ ಕಾಯುವುದಿಲ್ಲ. ತಪ್ಪಿದ ಬಸ್ಸಿಗೆ ಮುಂದಿನ ಬಸ್ಸುಂಟು, ತಪ್ಪಿದ ಹಡಗಿಗೆ ಮುಂದಿನ ಹಡಗಿಲ್ಲ. ಅಪ್ಪನ ರಕ್ತದೊತ್ತಡದ ಗುಳಿಗೆಗಳು ಹಡಗಿನ ಕೋಣೆಯಲ್ಲಿ ಉಳಿದು ಅಪ್ಪ ದಂಡೆಯಲ್ಲಿ ಉಳಿಯುವ ಪ್ರಸಂಗವನ್ನು ಸ್ವಲ್ಪ ಊಹಿಸಿಕೊಳ್ಳಿ.

ನಮ್ಮ ಬಂಧುಗಳ ಒಂದು ಕುಟುಂಬ ಹಾಗೆ ಊಹಿಸಿಕೊಳ್ಳದೆ ಕಾರು ಹಿಡಿದಿತ್ತು. ದಿನವೆಲ್ಲ ಆನಂದವಾಗಿಯೇ ಕಳೆಯಿತು. ಸಂಜೆ ಕಾರು ಒಪ್ಪಿಸುವಾಗ ಮುಂದಿನ ಬಂಪರಿನ ಮೇಲೆ ಒಂದು ಗೀರು ಕಂಡಿತು. ಅದು ಮೊದಲಿನದೆಂದು ಇವರು, ಇಂದಿನದೆಂದು ಅವನು. ಅವನಿಗೆ ಹಡಗಿನ ವೇಳೆ ಚೆನ್ನಾಗಿ ಗೊತ್ತಿತ್ತು. ಆದ್ದರಿಂದ ಅವನಿಗೆ ಯಾವ ಅವಸರವೂ ಇರಲಿಲ್ಲ. ನಲವತ್ತು ನಿಮಿಷ ವಾದಿಸಿ, ಕೊನೆಗೆ ಠೇವಣಿಯನ್ನು ಅವನಿಗೇ ಬಿಟ್ಟು, ಮಂಡಿನೋವಿನ ಅಜ್ಜಿಯನ್ನು ಇಬ್ಬರು ಹಿಡಿದು ನಡೆಸುತ್ತ ಗೇಟಿನ ಕಡೆಗೆ ಧಾವಿಸಿದರು. ಹಡಗು ಸಿಕ್ಕಿತು. ಅಜ್ಜಿ ಮರುದಿನ ಹಾಸಿಗೆ ಬಿಟ್ಟು ಏಳಲಿಲ್ಲ.

ಟ್ಯಾಕ್ಸಿಯಲ್ಲಿ ಇದು ತಿರುವುಮುರುವಾಗುತ್ತದೆ. ಮುಂಗಡ ಸ್ವಲ್ಪ ಕೊಟ್ಟು, ಉಳಿದ ಹಣವನ್ನು ಬಂದರಿನ ಗೇಟಿಗೆ ಮರಳಿದ ಮೇಲೆ ಕೊಡುವುದೆಂದು ಮಾತಾದರೆ, ನಿಮ್ಮನ್ನು ವೇಳೆಗೆ ತಲುಪಿಸುವ ಕಾಳಜಿ ನಿಮಗಿಂತ ಚಾಲಕನಿಗೇ ಹೆಚ್ಚಾಗುತ್ತದೆ. ಅವನಿಗೆ ದಾರಿಯೂ ಗೊತ್ತು, ದಿನವೂ ಗೊತ್ತು. ಡಿಸೆಂಬರ್ 3ರಂದು ಹಳೆ ಗೋವೆಯಲ್ಲಿ ಸಂತ ಫ್ರಾನ್ಸಿಸ್ ಝೇವಿಯರರ ಹಬ್ಬದ ಜನಸಂದಣಿ ಹೇಗಿರುತ್ತದೆಂದು ಅವನಿಗೆ ಯಾರೂ ಹೇಳಬೇಕಾಗಿಲ್ಲ. ಜುವಾರಿ ನದಿಯ ಹೊಸ ಸೇತುವೆಯ ಮೊದಲ ಭಾಗ 2022ರ ಡಿಸೆಂಬರಿನಲ್ಲಿ ತೆರೆದ ಮೇಲೆ ವಾಸ್ಕೋದಿಂದ ಪಣಜಿಯ ಸುಮಾರು 30 ಕಿ.ಮೀ. ದಾರಿ ಮೊದಲಿಗಿಂತ ಸುಗಮವಾಗಿದೆ ನಿಜ. ಪಣಜಿಯೊಳಗೆ ಕಾರು ನಿಲ್ಲಿಸುವ ಕಷ್ಟವನ್ನು ಯಾವ ಸೇತುವೆಯೂ ಪರಿಹರಿಸಿಲ್ಲ. ಬಾಮ್ ಜೀಸಸ್ ಚರ್ಚು, ಮಂಗೇಶಿ ದೇವಾಲಯ, ಪಣಜಿಯ ಹಳೆಯ ಬೀದಿಗಳು, ಇಷ್ಟಾದರೆ ಒಂದು ಹಗಲಿಗೆ ಸಾಕು. ಲಕ್ಕುಂಡಿಯ ನೆರೆಯವರಾದ ನಮಗೆ ಕದಂಬರ ಕಾಲದ ತಾಂಬಡಿ ಸುರ್ಲಾದ ಶಿವಾಲಯವನ್ನು ನೋಡುವ ಆಸೆ ಸಹಜವೇ, ಆದರೆ ಅದಿರುವುದು ಸಹ್ಯಾದ್ರಿಯ ಬುಡದಲ್ಲಿ. ಅದಕ್ಕೆ ಹಡಗಲ್ಲ, ನಮ್ಮ ರೈಲೇ ಸರಿ.

“ಗೋವೆಯ ಟ್ಯಾಕ್ಸಿಯವರು ಸುಲಿಯುತ್ತಾರೆ” ಎಂಬ ದೂರು ನನ್ನ ಕಿವಿಗೂ ಬಿದ್ದಿದೆ. ಅಲ್ಲಿಯ ಚಾಲಕರು ಓಲಾ, ಉಬರ್‌ಗಳನ್ನು ಬಹುಕಾಲದಿಂದ ವಿರೋಧಿಸುತ್ತ ಬಂದಿದ್ದಾರೆ. 2018ರಲ್ಲಿ ಗೋವಾಮೈಲ್ಸ್ ಎಂಬ ಆ್ಯಪ್ ಬಂದಾಗಲೂ ದೊಡ್ಡ ಗದ್ದಲವೆದ್ದಿತು. ಮಳೆಗಾಲದಲ್ಲಿ ಗಿರಾಕಿಯಿಲ್ಲದೆ ಕೂಡುವವನು ಹಂಗಾಮಿನಲ್ಲಿ ವರ್ಷದ ಅನ್ನವನ್ನು ಗಳಿಸಿಕೊಳ್ಳಬೇಕೆಂಬುದು ನ್ಯಾಯವೇ. ಅದರ ಭಾರವನ್ನೆಲ್ಲ ಒಬ್ಬ ಗಿರಾಕಿಯ ತಲೆಯ ಮೇಲೆ ಹೊರಿಸುವುದು ಮಾತ್ರ ನ್ಯಾಯವಲ್ಲ. ಗೇಟಿನ ಬಳಿ ಮುತ್ತಿಕೊಂಡವರಲ್ಲಿ ಮೊದಲು ಕೈಹಿಡಿದವನ ಹಿಂದೆ ಹೋಗಬೇಡಿ. ಎಷ್ಟು ಗಂಟೆ, ಎಷ್ಟು ಕಿಲೋಮೀಟರು, ಯಾವ ಯಾವ ಸ್ಥಳ, ಪಾರ್ಕಿಂಗ್ ಹಣ ಯಾರದು, ಕಾಯುವುದಕ್ಕೆ ಬೇರೆ ದರವಿದೆಯೋ, ಇಷ್ಟನ್ನು ಕಾಗದದ ಮೇಲೆ ಬರೆಸಿಕೊಂಡು ಗಾಡಿಯ ನಂಬರಿನ ಸಮೇತ ಫೋಟೋ ತೆಗೆದುಕೊಂಡರೆ ಮುಕ್ಕಾಲು ಜಗಳ ಹುಟ್ಟುವುದೇ ಇಲ್ಲ.

ದರ ಹೆಚ್ಚೆನಿಸಿದರೆ ಜೊತೆಗಾರರನ್ನು ಹುಡುಕಿ. ಸಹಕಾರದ ಪಾಠವನ್ನು ನಮಗೆ ಹೊರಗಿನವರು ಕಲಿಸಬೇಕಾಗಿಲ್ಲ. ನಮ್ಮ ತಾಲ್ಲೂಕಿನ ಕಣಗಿನಹಾಳದಲ್ಲಿ 1905ರಲ್ಲೇ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ರೈತರನ್ನು ಕೂಡಿಸಿ ಸಹಕಾರಿ ಸಂಘ ಕಟ್ಟಿದರು. ಒಬ್ಬನಿಗೆ ಭಾರವಾದದ್ದು ಹತ್ತು ಜನರಿಗೆ ಹಗುರ ಎಂಬುದಷ್ಟೇ ಅದರ ಹಿಂದಿನ ತತ್ತ್ವ. ಹಿಂದಿನ ರಾತ್ರಿಯೇ ಹಡಗಿನ ಊಟದ ಮೇಜಿನಲ್ಲಿ ಪಕ್ಕದ ಕುಟುಂಬವನ್ನು ಮಾತನಾಡಿಸಿ, ಆರು ಜನ ಕೂಡಿ ಒಂದು ದೊಡ್ಡ ಗಾಡಿ ಮಾಡಿಕೊಂಡರೆ ತಲೆಗೆ ಬೀಳುವ ಖರ್ಚು ಬಾಡಿಗೆಯ ಕಾರನ್ನು ಮೀರಲಿಕ್ಕಿಲ್ಲ. ಯಲ್ಲಮ್ಮನ ಗುಡ್ಡಕ್ಕೆ ಹೋಗುವ ನಮ್ಮ ಕ್ರೂಸರಿನ ನ್ಯಾಯವೂ ಇದೇ ತಾನೆ.

ಪರದೇಶದಲ್ಲಿರುವ ನನ್ನ ವಿದ್ಯಾರ್ಥಿಗಳಿಗೂ ಒಂದು ಮಾತು. ನೀವು ಹಡಗಿನಲ್ಲಿ ಹೋಗುವ ಬಹಾಮಾಸ್, ಜಮೈಕಾ, ಬಾರ್ಬಡೋಸ್‌ಗಳಲ್ಲಿ ವಾಹನಗಳು ನಮ್ಮಲ್ಲಿಯಂತೆ ರಸ್ತೆಯ ಎಡಕ್ಕೆ ಚಲಿಸುತ್ತವೆ. ಹದಿನೈದು ವರ್ಷ ಅಮೆರಿಕದಲ್ಲಿ ಬಲಕ್ಕೆ ನಡೆಸಿ ಪಳಗಿದ ಕೈಗೆ ಊರಿನ ಹಳೆಯ ಅಭ್ಯಾಸ ಒಂದೇ ಹಗಲಿನಲ್ಲಿ ಮರಳುವುದೆಂದು ನಾನು ನಂಬಲಾರೆ. ಹಿಂದಿನ ಸೀಟಿನಲ್ಲಿ ಮಕ್ಕಳಿರುತ್ತಾರೆ.

ಪುಣೆಯ ಹುಡುಗ ಟ್ಯಾಕ್ಸಿಯನ್ನೇ ಒಪ್ಪಿಕೊಂಡಿದ್ದಾನೆ. ಮರಳುವಾಗ ಅರ್ಧ ಗಂಟೆ ಉಳಿದರೆ ವಾಸ್ಕೋ ಪೇಟೆಯಲ್ಲಿ ಇಳಿದು ಚಹಾ ಕುಡಿಯೆಂದು ಅವನಿಗೆ ಹೇಳಿದ್ದೇನೆ. ದುಡಿಮೆಗೆಂದು ನಮ್ಮ ಉತ್ತರ ಕರ್ನಾಟಕದ ಜಿಲ್ಲೆಗಳಿಂದ ಹೋಗಿ ಆ ಊರಿನಲ್ಲಿ ನೆಲೆಸಿದವರು ಬಹಳ. ಪಕ್ಕದ ಬೆಂಚಿನಿಂದ “ಯಾವೂರ್ರೀ ನಿಮ್ದು?” ಎಂಬ ಮಾತು ಬಂದರೆ ಅವನ ಅವ್ವನಿಗೆ ಬಹುಶಃ ಚರ್ಚು, ಗುಡಿಗಳಿಗಿಂತ ಅದೇ ಹೆಚ್ಚು ದಿನ ನೆನಪಿನಲ್ಲಿ ಉಳಿದೀತು.