ಮಾರುವವರು ಹಿಂದೆ ಸರಿದರೆ ಸುಮ್ಮನೆ ಕಾಯಬೇಡಿ

ನಂದಿಕೂರು, ಎಲ್ಲೂರು, ಪಡುಬಿದ್ರಿ ಕಡೆ ಮನೆ ಕೊಳ್ಳಲು ಅಡ್ವಾನ್ಸ್ ಕೊಟ್ಟವರಲ್ಲಿ, ಕೊಡಲು ಹೊರಟವರಲ್ಲಿ ಒಂದು ಮನವಿ. "ಸ್ವಲ್ಪ ತಡೆಯಿರಿ, ಬೊಂಬಾಯಿಯಿಂದ ತಂಗಿ ಬರಲಿ" ಎಂದು ಮನೆ ಮಾರುವವರು ಎರಡನೆಯ ಸಲ ಹೇಳಿದ ದಿನವೇ ನಿಮ್ಮ ಕರಾರುಪತ್ರವನ್ನು ವಕೀಲರಿಗೆ ತೋರಿಸಿ. ಮೂರನೆಯ ಸಲ ಹೇಳಲಿ ಎಂದು ಕೂರಬೇಡಿ.

ನಮಗೆ ದಾಕ್ಷಿಣ್ಯ ಹೆಚ್ಚು. ನಾಳೆ ಮದುವೆಯಲ್ಲೋ ಕೋಲದಲ್ಲೋ ಎದುರಾಗುವವರಿಗೆ ನೋಟಿಸು ಕಳಿಸುವುದು ಹೇಗೆ ಎಂದು ಹಿಂಜರಿಯುತ್ತೇವೆ. ಕಾಲಮಿತಿ ಕಾಯಿದೆಗೆ ಆ ದಾಕ್ಷಿಣ್ಯವಿಲ್ಲ. ಕ್ರಯಪತ್ರ ಮಾಡಿಕೊಡಲು ಕರಾರಿನಲ್ಲಿ ದಿನ ಗೊತ್ತುಮಾಡಿದ್ದರೆ ಆ ದಿನದಿಂದ 3 ವರ್ಷದೊಳಗೆ ದಾವೆ ಹೂಡಬೇಕು. ದಿನ ಬರೆದಿಲ್ಲವೆಂದರೆ, ಅವರು ಕೊಡುವುದಿಲ್ಲ ಎಂಬುದು ನಿಮಗೆ ತಿಳಿದ ದಿನದಿಂದ 3 ವರ್ಷ. ಊರ ಹಿರಿಯರ ಮುಂದೆ ಮಾತುಕತೆ ನಡೆಯುತ್ತಿತ್ತು ಎಂದರೆ ಆ ಅವಧಿ ಹಿಗ್ಗುವುದಿಲ್ಲ.

ಕಾನೂನು ಈಗ ಕೊಳ್ಳುವವರ ಕಡೆಗೆ ಸ್ವಲ್ಪ ವಾಲಿದೆ. ಮೊದಲು, ಕರಾರಿನಂತೆ ಮನೆ ಕೊಡಿಸಬೇಕೋ ಬೇಡವೋ ಎಂಬುದು ನ್ಯಾಯಾಧೀಶರ ವಿವೇಚನೆಗೆ ಬಿಟ್ಟದ್ದಾಗಿತ್ತು. 1963ರ ನಿರ್ದಿಷ್ಟ ಪರಿಹಾರ ಕಾಯಿದೆಗೆ ತಂದ ತಿದ್ದುಪಡಿ 2018ರ ಅಕ್ಟೋಬರ್ 1ರಂದು ಜಾರಿಗೆ ಬಂದ ಮೇಲೆ, ಕಾಯಿದೆಯೇ ಹೇಳಿದ ಅಡ್ಡಿಗಳಿಲ್ಲದಿದ್ದರೆ ಕೊಡಿಸಲೇಬೇಕು. ಆದರೆ ಉಳಿದ ಹಣ ಕೊಟ್ಟು ನೋಂದಣಿ ಮಾಡಿಸಿಕೊಳ್ಳಲು ಮೊದಲಿನಿಂದಲೂ ಸಿದ್ಧರಿದ್ದೆವು ಎಂಬುದನ್ನು ನೀವು ರುಜುವಾತು ಮಾಡಬೇಕು. ಬಾಯಿಮಾತು ಸಾಲದು: ಬ್ಯಾಂಕ್ ಪಾಸ್‌ಬುಕ್, ಸಾಲ ಮಂಜೂರಾದ ಪತ್ರ, "ಇಂಥ ದಿನ ಉಪನೋಂದಣಿ ಕಚೇರಿಗೆ ಬನ್ನಿ" ಎಂದು ನೀವು ಕಳಿಸಿದ ರಿಜಿಸ್ಟರ್ಡ್ ಪತ್ರ, ಇವು ಬೇಕು.

ದಾವೆಯಲ್ಲಿ ಮನೆಯನ್ನು ಕೇಳಿ. ಅದು ಆಗದಿದ್ದರೆ ಮುಂಗಡ ಬಡ್ಡಿಸಹಿತ ವಾಪಸಾಗಲಿ ಎಂದೂ ಕೇಳಿ. ಕೇಳದ ಮುಂಗಡವನ್ನು ನ್ಯಾಯಾಲಯ ತಾನಾಗಿ ಕೊಡಿಸುವುದಿಲ್ಲ. ತಪ್ಪು ನಿಮ್ಮದಲ್ಲದಿದ್ದರೆ ಕೊಟ್ಟ ಹಣಕ್ಕೆ ಆ ಮನೆಯ ಮೇಲೆಯೇ ಹೊಣೆ ಇರುತ್ತದೆ. ಮನೆ ಬೇರೆಯವರ ಕೈಗೆ ಹೋಗುವ ಸೂಚನೆ ಕಂಡರೆ ದಾವೆಯ ಜೊತೆಗೇ ತಡೆಯಾಜ್ಞೆಗೂ ಅರ್ಜಿ ಹಾಕಿ. ಕೋರ್ಟ್ ಫೀಯ ಲೆಕ್ಕ ಮೊದಲೇ ಗೊತ್ತಿರಲಿ: ನಮ್ಮ ರಾಜ್ಯದಲ್ಲಿ ಅದು ನೀವು ಕೊಟ್ಟ ಅಡ್ವಾನ್ಸಿನ ಮೇಲಲ್ಲ, ಕರಾರಿನ ಪೂರ್ತಿ ಕ್ರಯದ ಮೇಲೆ. ಕಹಿ ಮಾತು, ಆದರೆ ಹಾಗೇ ಇದೆ.

"ತಪ್ಪಿದರೆ ಅಡ್ವಾನ್ಸಿನ ಎರಡು ಪಟ್ಟು ಕೊಡುತ್ತೇವೆ" ಎಂಬ ಸಾಲು ಅನೇಕ ಕರಾರುಗಳಲ್ಲಿ ಇರುತ್ತದೆ. ಹಣ ಎಸೆದು ಕೈತೊಳೆದುಕೊಳ್ಳಲು ಅದು ಪರವಾನಗಿ ಎಂದು ಮಾರುವವರು ನಂಬಿಸುತ್ತಾರೆ. ಮಾತು ಉಳಿಸಿಕೊಳ್ಳಲೆಂದೇ ಆ ಮೊತ್ತ ಬರೆದದ್ದಾದರೆ, ನ್ಯಾಯಾಲಯ ಮನೆಯನ್ನೇ ಕೊಡಿಸಬಹುದು.

ನಗದು ಬೇಡವೇ ಬೇಡ. ಆಸ್ತಿ ವ್ಯವಹಾರದಲ್ಲಿ 20,000 ರೂಪಾಯಿ ಅಥವಾ ಅದಕ್ಕೂ ಹೆಚ್ಚಿನ ಅಡ್ವಾನ್ಸ್ ನಗದಾಗಿ ಪಡೆಯುವುದನ್ನು 2015ರಿಂದ ಆದಾಯ ತೆರಿಗೆ ಕಾನೂನು ನಿಷೇಧಿಸಿದೆ. ಬೆಂಗಳೂರಿನ ಆರ್‌ಬಿಎಎನ್‌ಎಂಎಸ್ ಶಿಕ್ಷಣ ಸಂಸ್ಥೆಯ ಜಾಗದ ಪ್ರಕರಣದಲ್ಲಿ, 9 ಕೋಟಿಯ ಕರಾರಿಗೆ 75 ಲಕ್ಷ ನಗದು ಕೊಟ್ಟೆವು ಎಂದವರ ದಾವೆಯನ್ನು ಸುಪ್ರೀಂ ಕೋರ್ಟ್ 2025ರ ಏಪ್ರಿಲ್‌ನಲ್ಲಿ ಆರಂಭದಲ್ಲೇ ತಿರಸ್ಕರಿಸಿತು. ಬರೀ ಕರಾರಿನಿಂದ ಆಸ್ತಿಯಲ್ಲಿ ಹಕ್ಕು ಹುಟ್ಟುವುದಿಲ್ಲ, ಕರಾರು ಬರೆದುಕೊಟ್ಟವರ ಮೇಲೆ ಮಾತ್ರ ದಾವೆ ಹೂಡಬಹುದು ಎಂದಿತು. 2 ಲಕ್ಷ ಅಥವಾ ಹೆಚ್ಚು ನಗದು ಕೊಟ್ಟದ್ದಾಗಿ ಹೇಳುವ ದಾವೆ ಬಂದರೆ ಆದಾಯ ತೆರಿಗೆ ಇಲಾಖೆಗೆ ತಿಳಿಸಿ ಎಂದೂ ನ್ಯಾಯಾಲಯಗಳಿಗೆ ಸೂಚಿಸಿತು.

ಪೊಲೀಸ್ ಠಾಣೆಗೆ ಓಡುವ ಅಭ್ಯಾಸದ ಬಗ್ಗೆಯೂ ಒಂದು ಮಾತು. ಮೊದಲಿನಿಂದಲೇ ಮೋಸದ ಉದ್ದೇಶ ಇದ್ದರೆ ಮಾತ್ರ ಅದು ವಂಚನೆ. ಆಮೇಲೆ ರೇಟು ಏರಿತೆಂದು ಮನಸ್ಸು ಬದಲಾದರೆ ಅದು ಸಿವಿಲ್ ವ್ಯಾಜ್ಯ.

ಇನ್ನೂ ಹಣ ಕೊಡದವರು ಕರಾರನ್ನು ನೋಂದಾಯಿಸಿ. ಅದು ಋಣಭಾರ ಪತ್ರದಲ್ಲಿ ಕಾಣಿಸುತ್ತದೆ. ಆಮೇಲೆ ಕೊಂಡವರಿಗೆ "ನಮಗೆ ಗೊತ್ತೇ ಇರಲಿಲ್ಲ" ಎನ್ನುವುದು ಸುಲಭವಲ್ಲ. ಕುಟುಂಬದ ಮನೆಯಾದರೆ ಪಾಲುದಾರರೆಲ್ಲರ ಸಹಿ ಹಾಕಿಸಿ. ಅಣ್ಣನೊಬ್ಬನ ಸಹಿ ತಂಗಿಯ ಪಾಲನ್ನು ಕಟ್ಟಿಹಾಕುವುದಿಲ್ಲ. ವಕೀಲರ ಖರ್ಚು ಭಾರವೆನಿಸುವವರು ಉಡುಪಿಯ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಹೋಗಿ. ಮಹಿಳೆಯರಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ ಆದಾಯ ಎಷ್ಟೇ ಇದ್ದರೂ ಅಲ್ಲಿ ನೆರವು ಉಚಿತ.

ಅಂದಹಾಗೆ, ನಿಮ್ಮ ಕರಾರಿನ ಮೂಲಪ್ರತಿ ನಿಮ್ಮ ಕಪಾಟಿನಲ್ಲಿದೆಯೇ, ಬ್ರೋಕರರ ಬಳಿಯೇ ಉಳಿದಿದೆಯೇ? ಇವತ್ತೇ ನೋಡಿ, ಅಲ್ಲಿದ್ದರೆ ಕೇಳಿ ತನ್ನಿ.