ಖಾಲಿ ಬಿಟ್ಟ ಕಾಲಂ



ಪಿಯುಸಿ ರಿಸಲ್ಟ್ ಬಂತೆಂದರೆ ಹಾಸ್ಟೆಲ್ಲಿನಲ್ಲಿ ಅರ್ಜಿ ತುಂಬುವ ಗಲಾಟೆ. ಹೆಸರು, ಅಪ್ಪನ ಹೆಸರು, ಜಾತಿ, ಆದಾಯ ಎಲ್ಲವನ್ನೂ ಸರಸರ ಬರೆದ ಪೆನ್ನು ಒಂದು ಕಡೆ ನಿಂತುಬಿಡುತ್ತದೆ. ಪಠ್ಯೇತರ ಚಟುವಟಿಕೆಗಳು. 'ಅಲ್ಲಿ ಎಂತ ಬರೂದ್ ಅಣ್ಣ?' ಅಂತ ಕೇಳುತ್ತಾರೆ. ಕೊನೆಗೆ ಒಂದು ಗೆರೆ ಎಳೆದು ಕೊಟ್ಟು ಬರುತ್ತಾರೆ.

ಈ ಕಾಲಂ ನಿನ್ನೆ ಮೊನ್ನೆ ಹುಟ್ಟಿದ್ದಲ್ಲ. 1963ರಲ್ಲಿ ನಮ್ಮದೇ ಮೈಸೂರು ಸರ್ಕಾರ ಎಂಜಿನಿಯರಿಂಗ್, ಮೆಡಿಕಲ್ ಸೀಟುಗಳಿಗೆ ಸಂದರ್ಶನ ಇಟ್ಟಿತು. ಐಚ್ಛಿಕ ವಿಷಯಗಳ ಗರಿಷ್ಠ ಅಂಕದ ಶೇಕಡಾ 25ರಷ್ಟು ಅಂಕ ಅದಕ್ಕೇ. ಯಾತಕ್ಕೆ ಕೊಡಬೇಕು ಅಂತಲೂ ಹೇಳಿತ್ತು: ಸಾಮಾನ್ಯ ಜ್ಞಾನ, ವ್ಯಕ್ತಿತ್ವ, ಎನ್‌ಸಿಸಿ, ಆಟೋಟ, ಸಮಾಜಸೇವೆ, ಚರ್ಚೆ, ನಾಟಕ. ಇದರ ವಿರುದ್ಧ ಚಿತ್ರಲೇಖಾ ಮೊಕದ್ದಮೆ ಸುಪ್ರೀಂ ಕೋರ್ಟಿನ ತನಕ ಹೋಯಿತು. 1964ರಲ್ಲಿ ಕೋರ್ಟು ಸಂದರ್ಶನ ಪದ್ಧತಿಯನ್ನು ಎತ್ತಿಹಿಡಿಯಿತು. 1980ರಲ್ಲಿ ಅಜಯ್ ಹಾಸಿಯಾ ಮೊಕದ್ದಮೆಯಲ್ಲಿ, ಶ್ರೀನಗರದ ಎಂಜಿನಿಯರಿಂಗ್ ಕಾಲೇಜೊಂದು ಮೂರರಲ್ಲಿ ಒಂದು ಪಾಲು ಅಂಕವನ್ನು ಎರಡು ಮೂರು ನಿಮಿಷದ ಸಂದರ್ಶನಕ್ಕೆ ಇಟ್ಟಿದ್ದು ಬಯಲಾದ ಮೇಲೆ, ಶೇಕಡಾ 15ಕ್ಕಿಂತ ಹೆಚ್ಚು ಕೂಡದು ಅಂದಿತು ಅದೇ ಕೋರ್ಟು. ಆ ನಿಮಿಷಗಳಲ್ಲಿ ಕೇಳುತ್ತಿದ್ದದ್ದು ಹೆಚ್ಚಾಗಿ ತಂದೆ ಯಾರು, ಊರು ಯಾವುದು ಅಂತ!

ದೊಡ್ಡ ದೇಶದವರೂ ಬೇರೆ ಅಲ್ಲ. ಪರೀಕ್ಷೆಯಲ್ಲಿ ಗೆದ್ದು ಬರುತ್ತಿದ್ದ ಯಹೂದಿ ಹುಡುಗರ ಸಂಖ್ಯೆ ಕಂಡು 1920ರ ದಶಕದಲ್ಲಿ ಹಾರ್ವರ್ಡಿನವರು 'ನಡತೆ', 'ವ್ಯಕ್ತಿತ್ವ' ಎಂಬ ಅಳತೆಗೋಲು ತಂದರು. ಅಂಕ ಸಾಲದು, ಒಳ್ಳೆಯ ಮನೆಯ ಹುಡುಗನ ಹಾಗೆ ಕಾಣಬೇಕು ಅನ್ನುವ ಮಾತು. ನಮಗಿದು ಹೊಸ ಮಾತೇನಲ್ಲ.

ಹಾಗಾದರೆ ಈ ಕಾಲಂ ಬೇಡವೇ ಬೇಡವೆ? ಹಾಗೂ ಹೇಳಲಾರೆ. ನೀಟ್‌ನಲ್ಲಿ ನೀನು ಹಾಡಿದ್ದು ಯಾರಿಗೂ ಬೇಡ. ಸಿಇಟಿಯಲ್ಲೂ ಅಂಕದ್ದೇ ಲೆಕ್ಕ, ಎನ್‌ಸಿಸಿ, ಕ್ರೀಡೆಯವರಿಗೆ ಮಾತ್ರ ಕೆಲವು ವಿಶೇಷ ಸೀಟು. 2022ರಿಂದ ಕೇಂದ್ರ ವಿಶ್ವವಿದ್ಯಾಲಯಗಳಿಗೆ ಸಿಯುಇಟಿ ಬಂದಿದೆ. ಆದರೆ ಬೆಂಗಳೂರಿನ ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯದಂಥ ಕಡೆ ಪರೀಕ್ಷೆ ಆದ ಮೇಲೆ ಸಂದರ್ಶನವಿದೆ, ಬಡವರಿಗೆ ವಿದ್ಯಾರ್ಥಿವೇತನವೂ ಇದೆ. ಅಂಥಲ್ಲಿ 'ನೀನೇನು ಮಾಡಿದ್ದಿ' ಅಂದಾಗ ತಲೆ ಬಗ್ಗಿಸಿ ಕೂತರೆ ಸೀಟು ಇನ್ನೊಬ್ಬನ ಪಾಲು.

ಮಾಡಿದ್ದು ಇಲ್ಲವೆ? ಶಂಕರನಾರಾಯಣದ ಸುತ್ತಮುತ್ತ ನೋಡಿ. ಸಂಜೆ ಚರ್ಚಾಸ್ಪರ್ಧೆಗೆ ಉಳಿದರೆ ಬಸ್ಸು ತಪ್ಪುತ್ತದೆ, ಮತ್ತೆ ಕತ್ತಲೆಯಲ್ಲಿ ನಡಿಗೆ. ರಜೆಯಲ್ಲಿ ಅಡಿಕೆ ಸುಲಿಯುವುದು, ಮದುವೆ ಊಟಕ್ಕೆ ಬಡಿಸಲು ಹೋಗುವುದು, ಅಮ್ಮನ ಜೊತೆ ಬೀಡಿ ಕಟ್ಟುವುದು, ತಂಗಿಯ ಪಾಠ, ಅಜ್ಜಿಯ ಆಸ್ಪತ್ರೆ. ಇದನ್ನೆಲ್ಲ ನಮ್ಮವರು ನಾಚಿಕೆಯಿಂದ ಮುಚ್ಚಿಡುತ್ತಾರೆ. ಅಮೆರಿಕದ ಕಾಲೇಜುಗಳ ಸಾಮಾನ್ಯ ಅರ್ಜಿಯಲ್ಲಿ ಹತ್ತು ಚಟುವಟಿಕೆಗೆ ಜಾಗವಿದೆ, ಅದರಲ್ಲಿ ಸಂಬಳದ ಕೆಲಸ, ಮನೆಯ ಜವಾಬ್ದಾರಿ ಕೂಡ ಲೆಕ್ಕಕ್ಕುಂಟು. ಟೆನಿಸ್ ಆಡಿದವನು ಬರೆಯುತ್ತಾನೆ. ಎರಡು ರಜೆ ದುಡಿದು ಫೀಸು ಕಟ್ಟಿದವನು ಯಾಕೆ ಬರೆಯಬಾರದು? ಎಷ್ಟು ದಿನ, ಏನು ಕೆಲಸ, ಏನು ಕಲಿತೆ, ಮೂರು ಸಾಲು ಸಾಕು.

ಇಲ್ಲಿ ಒಂದು ಮಾತು ಬಿಗಿಯಾಗಿ ಹೇಳಬೇಕು. ಕಾಲೇಜಿನ ಉತ್ಸವ ಬಂದಾಗ ಕೊರಗರ ಹುಡುಗನನ್ನು ಹುಡುಕಿ 'ಡೋಲು ಬಾರಿಸು, ಸರ್ಟಿಫಿಕೇಟ್ ಕೊಡ್ತೇವೆ' ಅನ್ನುವ ಚಾಳಿ ಬೇಡ. ಅಜಲು ಪದ್ಧತಿಯನ್ನು 2000ದ ಕರ್ನಾಟಕ ಕಾನೂನು ನಿಷೇಧಿಸಿದೆ. ಕಂಬಳದಲ್ಲಿ ಕೋಣದ ಮುಂದೆ ಓಡಿಸಿದ್ದು, ಉಗುರು ಕೂದಲು ಬೆರೆಸಿದ ಅನ್ನ ತಿನ್ನಿಸಿದ್ದು, ಹೇಳಿದಾಗ ಡೋಲು ಬಡಿಸಿದ್ದು ಎಲ್ಲ ಅದರೊಳಗೆ ಬರುತ್ತದೆ. ಅವನಿಗೆ ಇಷ್ಟವಿದ್ದು, ಅವನೇ ತಂಡ ಕಟ್ಟಿ, ಅವನೇ ವೇದಿಕೆ ಕೇಳಿ ಬಾರಿಸಿದರೆ ಅದು ಕಲೆ, ಧಾರಾಳವಾಗಿ ಅರ್ಜಿಯಲ್ಲಿ ಬರೆಯಲಿ. ಅವನಿಗೆ ಚೆಸ್ ಬೇಕಿದ್ದರೆ ಚೆಸ್ ಆಡಲಿ. ಹುಟ್ಟಿದ ಜಾತಿ ನೋಡಿ ಚಟುವಟಿಕೆ ಹಂಚಲು ಮೇಷ್ಟ್ರು ಯಾರು?

ಆರಿಸುವ ವಿಷಯಕ್ಕೆ ಬಂದರೆ, ಹತ್ತು ಕಡೆ ಹೆಸರು ಕೊಡಬೇಡಿ. ಎನ್‌ಎಸ್‌ಎಸ್‌ಗೆ ಕಾಸು ಬೇಡ. ಎರಡು ವರ್ಷಕ್ಕೆ 240 ಗಂಟೆ, ಏಳು ದಿನದ ಶಿಬಿರ. ಎನ್‌ಸಿಸಿ ಇರುವ ಕಡೆ ಸೇರಿದರೆ 'ಬಿ', 'ಸಿ' ಪರೀಕ್ಷೆ ತನಕ ಬಿಡಬೇಡಿ. ಬರೆಯುವವರು ಬರೆಯಿರಿ, ಗೋಡೆ ಪತ್ರಿಕೆ ಹಾಸ್ಟೆಲ್ಲಿನಲ್ಲೇ ಆಗುತ್ತದೆ, ಬಸ್ಸಿನ ಭಯವಿಲ್ಲ. ಹಾಸ್ಟೆಲ್ ಮೆಸ್ಸಿನ ಲೆಕ್ಕ ಕೇಳಲು ಹುಡುಗರನ್ನು ಒಟ್ಟು ಸೇರಿಸಿದ್ದೂ ನಾಯಕತ್ವವೇ. ಸಂದರ್ಶನದಲ್ಲಿ ಹೇಳಲು ಹೆದರಬೇಡಿ.

ಮತ್ತೆ ಕಾಲೇಜುಗಳಿಗೆ: ತಾಲೀಮನ್ನು ಮಧ್ಯಾಹ್ನದ ಹೊತ್ತಿಗೆ ಇಡಿ. ಬಸ್ಸಿಗೆ ಓಡುವ ಹುಡುಗಿಯೂ ನಿಮ್ಮ ವಿದ್ಯಾರ್ಥಿನಿಯೇ.

ಅರ್ಜಿಯ ಕರಡನ್ನು ಮುಂದಿನ ಸಭೆಗೆ ತನ್ನಿ, ಕೂತು ಬರೆಯೋಣ. ಸರ್ಟಿಫಿಕೇಟಿನ ಎರಡೆರಡು ಝೆರಾಕ್ಸ್ ಇರಲಿ, ಮೂಲ ಪ್ರತಿ ಯಾರಿಗೂ ಕೊಡಬೇಡಿ.