ಕುಡಿದಿಲ್ಲ ಸ್ವಾಮಿ, ಕಿವಿ ಕೆಟ್ಟಿದೆ!

ಅಲ್ಲಾ ಸ್ವಾಮಿ, ಕನ್ನಡಕ ಹಾಕಿದವರನ್ನು ನೋಡಿ ಯಾರೂ ನಗೋದಿಲ್ಲ, ಕಿವುಡರು ಅಂದ್ರೆ ಮಾತ್ರ ಜೋಕು ಯಾಕೆ? ನಗೋದಾದ್ರೆ ನಗಿ, ನನ್ನ ತಕರಾರು ಬೇರೆ.

ಕೇಳಿಸೋದಕ್ಕೂ ನೆಟ್ಟಗೆ ನಿಲ್ಲೋದಕ್ಕೂ ಬೇಕಾದ ಏರ್ಪಾಡು ಇರೋದು ಒಳಗಿವಿಯಲ್ಲೇ. ಬಸವನಹುಳುವಿನ ಚಿಪ್ಪಿನಂಥ ಕಾಕ್ಲಿಯಾ ಸದ್ದು ಹಿಡಿಯುತ್ತೆ. ಪಕ್ಕದ ಮೂರು ಅರೆವರ್ತುಲ ನಾಳಗಳು ತಲೆ ಎತ್ತ ತಿರುಗಿತು ಅಂತ ಮಿದುಳಿಗೆ ತಿಳಿಸುತ್ತವೆ. ನನಗೆ ಎರಡೂ ಕೈಕೊಟ್ಟಿವೆ.

ಬ್ಯಾಂಕಿನಲ್ಲಿ ಟೋಕನ್ ನಂಬರ್ ಬಾಯಲ್ಲಿ ಕೂಗಿದ್ರೆ ನನ್ನ ಸರದಿ ತಪ್ಪಿತು ಅಂತಲೇ ಲೆಕ್ಕ. ಕೂರೋ ಮೊದಲೇ ಬಸ್ಸು ಹೊರಟರೆ ಪಕ್ಕದವರ ಮಡಿಲೇ ಗತಿ. ಕಣ್ಣಿನ ಆಸರೆಯಲ್ಲಿ ಹೇಗೋ ನಡೀತೀನಿ. ಬೀದಿದೀಪ ಇಲ್ಲದ ಕಡೆ ಅದೂ ಇಲ್ಲ, ಓಲಾಡ್ತೀನಿ. ಜನ ಮೂಗು ಮುಚ್ಚಿಕೊಂಡು ದಾರಿ ಬಿಡ್ತಾರೆ!

2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 21 ಬಗೆಯ ಅಂಗವೈಕಲ್ಯಗಳನ್ನು ಪಟ್ಟಿ ಮಾಡಿದೆ. ಎರಡೂ ಕಿವಿಗಳಲ್ಲಿ 70 ಡೆಸಿಬೆಲ್ ನಷ್ಟವಾದ್ರೆ ಕಿವುಡು, 60ರಿಂದ 70 ಇದ್ದರೆ ಮಂದ ಕಿವಿ. ಸಂತೋಷ. ಆದರೆ ಒಳಗಿವಿ ಕೆಟ್ಟು ಸಮತೋಲನ ತಪ್ಪೋದಕ್ಕೆ ಆ ಪಟ್ಟಿಯಲ್ಲಿ ಪ್ರತ್ಯೇಕ ಹೆಸರೇ ಇಲ್ಲ! ಒಂದೇ ಕಿವಿಯ ಅರ್ಧ ಕಷ್ಟಕ್ಕೆ ಅಳತೆ, ಇನ್ನರ್ಧಕ್ಕೆ "ನೋಡಿಕೊಂಡು ನಡೀರಿ" ಅನ್ನೋ ಉಪದೇಶ. ಇದ್ಯಾವ ನ್ಯಾಯ?

ಕಾಯ್ದೆ ತಿದ್ದೋದು ದೊಡ್ಡವರ ಕೆಲಸ, ಆಗಲಿ. ಅಲ್ಲಿವರೆಗೆ ಕಾಸು ಖರ್ಚಿಲ್ಲದ್ದು ಮೂರು ಕೇಳ್ತೀನಿ. ಟೋಕನ್ ನಂಬರ್ ಒಂದು ಹಲಗೆ ಮೇಲೆ ಬರೆದು ತೋರಿಸಿ. ಹತ್ತಿದವರು ಕಂಬಿ ಹಿಡಿಯೋವರೆಗೆ ಬಸ್ಸು ನಿಲ್ಲಿಸಿ. ಕಿರುಚಬೇಡಿ, ಮುಖ ನೋಡಿ ನಿಧಾನಕ್ಕೆ ಮಾತಾಡಿ.

ಇಷ್ಟೂ ಆಗಲ್ವಾ? ನೀವೇ ಹೇಳಿ.